ಕೂತ ನಿಕ್ಕಲ್, ಓಡಿ ಬರುವ ನಿಕ್ಕಲ್

೭ ಜನವರಿ ೧೯೯೬, ಭಾನುವಾರ. ಎಡಪ್ಪಳ್ಳಿ, ಮನೆ.

ನಿರ್ಮಲ, ಮೇಧಾ ಸಂಜೆ ಗಾಡಿಗೆ ತಿರುವನಂತಪುರಕ್ಕೆ ಹೊರಟರು. ಹೊರಡುವ ಮುಂಚೆ ನಿರ್ಮಲ ತನ್ನ ಬ್ಯಾಂಕಿನ ಹೊಸ ಡೈರಿಯನ್ನು ನನ್ನ ಮೇಜಿನ ಮೇಲಿಟ್ಟು, "ಏನಾದ್ರೂ ಬರೀರಿ. ಥೀಸಿಸ್ಸಂತೂ ಬರೆಯಲ್ಲ," ಅಂದಳು. ಹೆಂಡತಿಯ ಅಪ್ಪಣೆ ಮೀರಿದವನು ನಾನಲ್ಲ.

ಮೊದಲು ಕಥಾನಾಯಕನ ಪರಿಚಯ. ಹೆಸರು ಹಯವದನ, ವಯಸ್ಸು ನಲವತ್ತೊಂದು, ಊರು ಮೈಸೂರು. ಇರುವುದು ಕೊಚ್ಚಿಯ ಎಡಪ್ಪಳ್ಳಿಯಲ್ಲಿ. ಅನ್ನ ಹಾಕುತ್ತಿರುವುದು ಅಲ್ಲಿನ ಒಂದು ಕಾಲೇಜು, ಎಂ.ಎಸ್ಸಿ. ಹುಡುಗರಿಗೆ ಪರಮಾಣು ಬೀಜಗಳ ಪಾಠ ಹೇಳುತ್ತೇನೆ. ಬಿಡುವಿನಲ್ಲಿ ಪಿಎಚ್.ಡಿ. ಮಾಡುತ್ತೇನೆ. ಈ ಬಿಡುವು ಎಂಟನೆಯ ವರ್ಷಕ್ಕೆ ಕಾಲಿಟ್ಟಿದೆ.

ವಿಷಯ: ಎರಡು ಪರಮಾಣು ಬೀಜಗಳು ಕೂಡಿ ಒಂದಾಗಬೇಕಾದರೆ ನಡುವೆ ಎಷ್ಟು ಎತ್ತರದ ತಡೆ? ಎರಡರಲ್ಲೂ ಇರುವುದು ಧನ ವಿದ್ಯುತ್ತು, ಹಾಗಾಗಿ ದೂರದಿಂದಲೇ ಒಂದನ್ನೊಂದು ತಳ್ಳುತ್ತವೆ. ಹತ್ತಿರ ಬಂದಷ್ಟೂ ಜೋರಾಗಿ ತಳ್ಳುತ್ತವೆ. ಆದರೆ ಮೈಗೆ ಮೈ ತಾಗುವಷ್ಟು ಸಮೀಪ ಹೇಗೋ ಬಂದುಬಿಟ್ಟರೆ, ಇಷ್ಟು ಹೊತ್ತು ಜಗಳ ಆಡಿದವು ಇವೇನಾ ಎನ್ನುವ ಹಾಗೆ ಅಪ್ಪಿಕೊಂಡುಬಿಡುತ್ತವೆ. ಆ ತಳ್ಳಾಟ ಮುಗಿದು ಅಪ್ಪುಗೆ ಶುರುವಾಗುವ ದಿಬ್ಬದ ನೆತ್ತಿಯೇ ತಡೆ. ಅದರ ಎತ್ತರವನ್ನು ಲೆಕ್ಕ ಹಾಕುವವನು ನಾನು. ಹತ್ತುವ ಕೆಲಸ ನನ್ನದಲ್ಲ.

ಮನೆಯ ವಿಷಯ: ಹೋದ ಜೂನಿನಲ್ಲಿ ನಿರ್ಮಲಳಿಗೆ ಆಫೀಸರ್ ಪ್ರಮೋಷನ್ ಬಂತು, ಜೊತೆಗೆ ತಿರುವನಂತಪುರಕ್ಕೆ ವರ್ಗ. ಐದನೇ ಕ್ಲಾಸಿನ ಮೇಧಾ ಅಮ್ಮನ ಜೊತೆ ಹೋದಳು. ನಾನು ಥೀಸಿಸ್ಸಿನ ಜೊತೆ ಉಳಿದೆ. ವಾರ ವಾರ ಅವರೇ ಇಲ್ಲಿಗೆ ಬಂದು ಹೋಗುತ್ತಾರೆ. ಬ್ಯಾಂಕಿನಲ್ಲಿ ಒಂದು ಪದ್ಧತಿ ಇದೆ. ಪ್ರಮೋಷನ್ ಬೇಡ ಅನ್ನಿಸಿದರೆ, ಅವಧಿ ಮುಗಿಯುವುದರೊಳಗೆ ಅರ್ಜಿ ಕೊಟ್ಟು ಹಳೆಯ ಕ್ಲಾರ್ಕ್ ಕುರ್ಚಿಗೆ, ಹಳೆಯ ಊರಿಗೆ ವಾಪಸ್ ಬರಬಹುದು. ಹೆಂಗಸರು ಬಹಳ ಮಂದಿ ಹಾಗೇ ಮಾಡುತ್ತಾರಂತೆ. ನಿರ್ಮಲಳಿಗೆ ಮಾರ್ಚ್ ಹದಿನೈದು ಕೊನೆ. ಆಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ.

"ನೀವೇನಂತೀರಿ?" ಅಂತ ಇವತ್ತು ಕೇಳಿದಳು.

"ನಿನ್ನಿಷ್ಟ," ಅಂದೆ.

ಇಷ್ಟು ಉದಾರವಾದ ಗಂಡಂದಿರು ಮೈಸೂರಿನಲ್ಲೂ ಅಪರೂಪ.

೧೮ ಜನವರಿ, ಗುರುವಾರ. ಎಡಪ್ಪಳ್ಳಿ, ಮನೆ.

ನನ್ನ ಗೈಡ್ ಈಪ್ಪನ್ ಸಾರ್ ಕೋಣೆಯಲ್ಲಿ ಚಹಾ. ಅವರು ಒಳ್ಳೆಯ ಮನಸ್ಸಿನಲ್ಲಿದ್ದಾಗ ಇಂಗ್ಲಿಷ್, ಕೆಟ್ಟ ಮನಸ್ಸಿನಲ್ಲಿದ್ದಾಗ ಮಲಯಾಳಂ. ಇವತ್ತು "ಎಡೋ" ಅಂತ ಶುರುಮಾಡಿದರು.

ತಕರಾರು ಹಳೆಯದೇ. ಆಮ್ಲಜನಕದ ಬೀಜವನ್ನು ಸಮೇರಿಯಂ ಬೀಜಕ್ಕೆ ಬಡಿದರೆ ತಡೆ ಎಷ್ಟು ಅಂತ ನಾನು ಲೆಕ್ಕ ಹಾಕುತ್ತೇನೆ. ಪ್ರಯೋಗ ಮಾಡಿದ ಪರದೇಶದವರ ಅಂಕಿ ಅದಕ್ಕಿಂತ ಹತ್ತರಲ್ಲಿ ಒಂದು ಪಾಲು ಜಾಸ್ತಿ ಇರುತ್ತದೆ. ಯಾವಾಗಲೂ ಇರುತ್ತದೆ. ಈ ಅಂತರ ಮುಚ್ಚಲು ನಾನು ಒಂದು ಗುಣಾಂಕ ಹುಟ್ಟಿಸಿದ್ದೇನೆ. ಸದ್ಯಕ್ಕೆ ಅದಕ್ಕೆ ಹೆಸರಿಲ್ಲ. ಮನಸ್ಸಿನಲ್ಲಿ 'ಹಯವದನ ಗುಣಾಂಕ' ಅಂತ ಕರೆಯುತ್ತೇನೆ. ವಿನಯಕ್ಕಾಗಿ ಸಣ್ಣ ಅಕ್ಷರದಲ್ಲಿ.

ಸಮತೂಕದ ಒಂದು ಜೋಡಿಯನ್ನೂ ಮಾಡಿ ನೋಡು, ನಿಕ್ಕಲ್ ಮೇಲೆ ನಿಕ್ಕಲ್, ಅಂದರು ಸಾರ್.

೨೮ ಜನವರಿ, ಭಾನುವಾರ. ಎಡಪ್ಪಳ್ಳಿ, ಮನೆ.

ಬಂದರು, ಹೋದರು. ಮೇಧಾ ಶನಿವಾರ ಬಂದವಳೇ ಮಲಗಿಬಿಟ್ಟಳು. ಭಾನುವಾರ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋಗಿ ಮೀನು ಬಲೆ ತೋರಿಸಿದರೆ, ಕಲ್ಲಿನ ಮೇಲೆ ಕೂತು ತೂಕಡಿಸಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳಂನಲ್ಲಿ ಉತ್ತರ, ಅದೂ ಒಂದೊಂದೇ ಶಬ್ದ. "ಉರಕ್ಕಂ," ಅಂದಳು. ನಿದ್ದೆ ಅಂತ ಅರ್ಥ. ನನ್ನ ಮಗಳಿಗೆ ಕನ್ನಡ ಹೋಯಿತು. ಈ ಬಗ್ಗೆ ಒಂದು ಲೇಖನ ಬರೆದು ಪತ್ರಿಕೆಗೆ ಕಳಿಸಬೇಕು.

ನಿರ್ಮಲ ವಾರದ ಪಾತ್ರೆ ತೊಳೆದು, ಸಾರಿನ ಪುಡಿ ಡಬ್ಬಕ್ಕೆ ತುಂಬಿ, ನನ್ನ ಅಂಗಿಗೆ ಗುಂಡಿ ಹೊಲಿದಳು. ಮುಖ ಇಳಿದಿತ್ತು. "ರೈಲಲ್ಲಿ ಕೂರಕ್ಕೆ ಜಾಗ ಸಿಗಲಿಲ್ಲ," ಅಂದಳು.

ಅವಳು ಬರುವ ಗಾಡಿಯಲ್ಲಿ ಜನ ಜಾಸ್ತಿ ಅಂತ ನನಗೆ ಗೊತ್ತಿರಲಿಲ್ಲ. ರೈಲ್ವೆಯವರು ಇದನ್ನು ಗಮನಿಸಬೇಕು.

೬ ಫೆಬ್ರವರಿ, ಮಂಗಳವಾರ. ಎಡಪ್ಪಳ್ಳಿ, ಮನೆ.

ಜಗತ್ತೇ, ಎದ್ದು ನಿಲ್ಲು!

ನಿಕ್ಕಲ್-ನಿಕ್ಕಲ್ ಲೆಕ್ಕ ಮುಗಿಯಿತು. ಗುಣಾಂಕ ಹತ್ತರಲ್ಲಿ ಒಂದು ಪಾಲಿನಷ್ಟು ಅಲ್ಲ, ಎರಡು ಪಟ್ಟು! ನನ್ನ ದಿಬ್ಬದ ಎತ್ತರಕ್ಕಿಂತ ಸರಿಯಾಗಿ ಎರಡರಷ್ಟು ಕಸುವು ಕೊಟ್ಟರೇ ಆ ಜೋಡಿ ಕೂಡಿಕೊಳ್ಳುವುದು. ಎಂದರೆ ಇದು ನಿಯಮ: ತೂಕದಲ್ಲಿ ಸಮಸಮ ಆದಷ್ಟೂ ತಡೆ ಹೆಚ್ಚು. ದೊಡ್ಡದು ಚಿಕ್ಕದು ಸುಲಭವಾಗಿ ಕೂಡುತ್ತವೆ, ಸಮಾನರು ಕೂಡುವುದು ದುಪ್ಪಟ್ಟು ಕಷ್ಟ. ನಿರ್ಮಲಳಿಗೆ ಪ್ರಮೋಷನ್ ಬಂದಾಗಿನಿಂದ ನನಗೆ ಇದರ ಗುಮಾನಿ ಇತ್ತು. ಆದರೆ ಮನೆಯಲ್ಲಿ ನಡೆದ ಪ್ರಯೋಗವನ್ನು ಜರ್ನಲ್ಲುಗಳು ಅಚ್ಚು ಹಾಕುವುದಿಲ್ಲ.

ಸಂತೋಷಕ್ಕೆ ಹೋಟೆಲಿನಲ್ಲಿ ಪುಟ್ಟು-ಕಡಲೆ ತಿಂದೆ. ಒಬ್ಬನೇ.

೧೦ ಫೆಬ್ರವರಿ, ಶನಿವಾರ. ಎಡಪ್ಪಳ್ಳಿ, ಮನೆ.

ಬರಲಿಲ್ಲ. ಎಸ್‌ಟಿಡಿ ಬೂತಿಗೆ ಹೋಗಿ ಅವಳ ಕೆಳಗಿನ ಮನೆಯ ನಂಬರಿಗೆ ಫೋನ್ ಮಾಡಿದೆ.

"ಇನ್ಮೇಲೆ ವಾರ ವಾರ ಬರಕ್ಕಾಗಲ್ಲ ಕಣ್ರೀ. ವರ್ಷದ ಕ್ಲೋಸಿಂಗ್ ಕೆಲಸ ಇದೆ. ಮೇಧಾಗೂ ಸುಸ್ತು."

"ಸರಿ. ನಿಕ್ಕಲ್ಲಿನ ವಿಷಯ ಗೊತ್ತಾ? ಎರಡು ಪಟ್ಟು!"

"ಅರ್ಜಿ ಕೊಟ್ಬಿಡ್ಲಾ ಅಂತ ಯೋಚ್ನೆ ಮಾಡ್ತಿದ್ದೀನಿ," ಅಂದಳು.

"ನಿನ್ನಿಷ್ಟ," ಅಂದೆ, ಎಂದಿನ ಉದಾರತೆಯಿಂದ.

ಬಂದುಬಿಟ್ಟರೆ ಒಳ್ಳೆಯದೇ. ನಾನಂತೂ ಒತ್ತಾಯ ಮಾಡಿಲ್ಲ. ನಾನೇ ಮಾಡಿದ ಸಾರು ಉಂಡೆ. ಇದಕ್ಕೂ ಒಂದು ಗುಣಾಂಕ ಬೇಕು.

೨೧ ಫೆಬ್ರವರಿ, ಬುಧವಾರ. ಎಡಪ್ಪಳ್ಳಿ, ಮನೆ.

ಈಪ್ಪನ್ ಸಾರ್‌ಗೆ ನನ್ನ ನಿಯಮದಲ್ಲಿ ನಂಬಿಕೆ ಇಲ್ಲ. ಅದೇ ನಿಕ್ಕಲ್ ಪ್ರಯೋಗವನ್ನು ಬೇರೆಯವರೂ ಮಾಡಿದ್ದಾರೆ, ಅವರ ಪೇಪರ್ ನೋಡದೆ ಬಾಯಿ ಬಿಡಬೇಡ ಅಂದರು. ನಮ್ಮ ಲೈಬ್ರರಿಯಲ್ಲಿ ಆ ಸಂಪುಟ ಬೈಂಡಿಂಗಿಗೆ ಹೋಗಿದೆ. ಹೋಗಿ ಎರಡು ವರ್ಷ ಆಯಿತಂತೆ. ತಿರುವನಂತಪುರದ ಒಂದು ಲೈಬ್ರರಿಯಲ್ಲಿ ಇದೆ.

ವಿಜ್ಞಾನಕ್ಕಾಗಿ ಹೋಗಲೇಬೇಕು. ಜೂನಿನಲ್ಲಿ ಸಾಮಾನು ಇಳಿಸಿ ಬಂದ ಮೇಲೆ ಆ ಕಡೆ ತಲೆ ಹಾಕಿಲ್ಲ.

೨೪ ಫೆಬ್ರವರಿ, ಶನಿವಾರ. ತಿರುವನಂತಪುರ, ನಿರ್ಮಲಳ ಬಿಡಾರ.

ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಕೊಲ್ಲಂವರೆಗೆ ಒಂದೇ ಕಾಲಿನ ಮೇಲೆ ನಿಂತೆ. ಇನ್ನೊಂದು ಕಾಲಿನ ಮೇಲೆ ಬೇರೆ ಯಾರೋ ನಿಂತಿದ್ದರು. ಇದನ್ನು ವಾರಕ್ಕೆ ಎರಡು ಸಲ ಮಾಡುವವರಿಗೆ ಸರ್ಕಾರ ಪದಕ ಕೊಡಬೇಕು.

ಕೆಳಗಿನ ಮನೆಯ ಕುಸುಮಾವತಿ ಬಾಗಿಲು ತೆಗೆದರು. ಕಾಸರಗೋಡಿನವರು, ನಿರ್ಮಲಳ ಬ್ಯಾಂಕಿನಲ್ಲೇ ಕೆಲಸ, ಇವತ್ತು ರಜೆ ಹಾಕಿದ್ದರು. ಮೇಲಿಂದ ಕೆಳಗೆ ನೋಡಿದರು.

"ಯಾರು? ಓ, ನೀವಾ! ಮೇಧಾನ ಅಪ್ಪ ಹೇಳಿ ಒಬ್ರು ಇದ್ದಾರೆ ಅಂತ ಕೇಳಿದ್ದೆ ಮಾರಾಯ್ರೆ, ನಂಬಿಕೆ ಇರಲಿಲ್ಲ."

"ಲೈಬ್ರರಿ ಕೆಲಸ ಇತ್ತು."

"ಹಾಗಾದ್ರೆ ಸರಿ. ಹೆಂಡ್ತಿ ಮಕ್ಕಳನ್ನ ನೋಡ್ಲಿಕ್ಕೆ ಬಂದದ್ದು ಅಂತ ಒಂದು ಗಳಿಗೆ ಹೆದರಿಬಿಟ್ಟೆ."

ಅಷ್ಟರಲ್ಲಿ ಒಳಗಿನಿಂದ ಒಂದು ಹುಡುಗಿ ಓಡಿ ಬಂದು, "ಅಪ್ಪ ಬಂದ್ರು! ಎಂತ ಅಪ್ಪಾ, ಹೇಳದೆ ಕೇಳದೆ? ಬನ್ನಿ, ನಮ್ಮ ಪೇರಳೆ ಮರ ತೋರಿಸ್ತೇನೆ. ಹಣ್ಣು ಉಂಟು!" ಅಂತ ಕೈ ಹಿಡಿದು ಎಳೆಯಿತು. ಕನ್ನಡ! ಪ್ರವಾಹದಂತೆ ಕನ್ನಡ! ಅದು ನನ್ನ ಮೈಸೂರಿನದಲ್ಲ, ನಮ್ಮ ಸೀಬೆ ಅವಳ ಬಾಯಲ್ಲಿ ಪೇರಳೆ, ಶುದ್ಧ ಕಾಸರಗೋಡಿನದು, ಆದರೂ ಕನ್ನಡವೇ. ಪತ್ರಿಕೆಗೆ ಲೇಖನ ಕಳಿಸದೆ ಇದ್ದದ್ದು ಒಳ್ಳೆಯದಾಯಿತು.

ಮೇಧಾ ನನ್ನನ್ನು ಬ್ಯಾಂಕಿಗೆ ಕರೆದೊಯ್ದಳು. ಬೆಂಚಿನ ಮೇಲೆ ಕೂತು ನೋಡಿದೆ. ಗಾಜಿನ ಕೋಣೆಯೊಳಗೆ ನಿರ್ಮಲ. ಹೊರಗೆ ಪಂಚೆಯಂಥ ಬಿಳಿ ಮುಂಡು ಉಟ್ಟ ಒಬ್ಬ ಅಜ್ಜಿ ಪೆನ್ಷನ್ ಸಹಿ ಹಳೆಯ ಸಹಿಗೆ ಹೊಂದುತ್ತಿಲ್ಲ ಅಂತ ಅಳುತ್ತಿತ್ತು, ಕೈ ನಡುಗುತ್ತಿತ್ತು. ನಿರ್ಮಲ ಎದ್ದು ಬಂದಳು. ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತು, ಅದೇನೋ ಹೇಳಿ ನಗಿಸಿ, ತಾನೂ ನಕ್ಕು, ನಡುಕ ನಿಲ್ಲುವವರೆಗೆ ಕಾದು, ಮತ್ತೆ ಸಹಿ ಹಾಕಿಸಿದಳು. ಈ ಸಲ ಹೊಂದಿತು. ಆಫೀಸರ್ ಆದವರು ಹೀಗೆ ಕುರ್ಚಿ ಬಿಟ್ಟು ಎದ್ದು ಬರಬಹುದೋ ಇಲ್ಲವೋ, ಬ್ಯಾಂಕಿನ ನಿಯಮ ನನಗೆ ತಿಳಿಯದು.

ಅವಳು ಅಷ್ಟು ಚೆನ್ನಾಗಿ ನಗುತ್ತಾಳೆ ಅನ್ನುವುದು ನನಗೆ ಮರೆತುಹೋಗಿತ್ತು. ಎಡಪ್ಪಳ್ಳಿಗೆ ಬರುವಾಗ ಆ ನಗುವನ್ನು ತರುತ್ತಿರಲಿಲ್ಲ. ರೈಲಿನಲ್ಲಿ ಜಾಗ ಸಾಲದೆ ಇರಬೇಕು.

೨೬ ಫೆಬ್ರವರಿ, ಸೋಮವಾರ. ತಿರುವನಂತಪುರ, ನಿರ್ಮಲಳ ಬಿಡಾರ.

ಲೈಬ್ರರಿಗೆ ಹೋದೆ. ಪೇಪರ್ ಸಿಕ್ಕಿತು. ಹಯವದನ ಗುಣಾಂಕ ಇಂದು ಬೆಳಿಗ್ಗೆ ತೀರಿಕೊಂಡಿತು.

ಮೃತರ ಬಗ್ಗೆ ಎರಡು ಮಾತು. ಯಂತ್ರದಿಂದ ಹಾರಿಸಿದ ನಿಕ್ಕಲ್, ಸುಮ್ಮನೆ ಕೂತ ನಿಕ್ಕಲ್ಲಿಗೆ ಬಂದು ಬಡಿಯುತ್ತದೆ. ಓಡಿ ಬಂದದ್ದರ ಕಸುವೆಲ್ಲ ತಡೆ ಹತ್ತುವುದಕ್ಕೆ ಒದಗುವುದಿಲ್ಲ. ಅರ್ಧ ಕಸುವು, ಕೂತದ್ದನ್ನೂ ಕಟ್ಟಿಕೊಂಡು ಮುಂದಕ್ಕೆ ಎಳೆದೊಯ್ಯುವುದರಲ್ಲೇ ಮುಗಿಯುತ್ತದೆ. ಎರಡೂ ಎದುರುಬದುರು ಓಡಿ ಬಂದಿದ್ದರೆ ಪೂರ್ತಿ ಒದಗುತ್ತಿತ್ತು. ನಾನು ಇಷ್ಟು ದಿನ ನೆಚ್ಚಿಕೊಂಡಿದ್ದ ಪರದೇಶದವರ ಪೇಪರಿನಲ್ಲಿ ಇದ್ದದ್ದು ಯಂತ್ರ ಕೊಟ್ಟ ಕಸುವು. ಈ ಪೇಪರಿನಲ್ಲಿ ಪೋಲಾದದ್ದನ್ನು ಕಳೆದು ಉಳಿದದ್ದನ್ನು ಹಾಕಿದ್ದಾರೆ. ಅದು ನನ್ನ ಲೆಕ್ಕದ ಎತ್ತರಕ್ಕೆ ತಾಳೆಯಾಗುತ್ತದೆ. ಹಗುರಾದ ಆಮ್ಲಜನಕ ಓಡಿ ಬಂದಾಗ ಪೋಲಾಗುತ್ತಿದ್ದದ್ದು ಹತ್ತರಲ್ಲಿ ಒಂದು ಪಾಲು, ಅಷ್ಟೆ. ಸಮಾನರ ನಡುವೆ ಹೆಚ್ಚಿನ ತಡೆ ಯಾವುದೂ ಇಲ್ಲ. ಹಾಗೆ ಕಂಡದ್ದು ಒಂದು ಕೂತೇ ಇದ್ದದ್ದಕ್ಕೆ.

ಇದನ್ನು ನಾನೇ ಪ್ರತಿ ಜುಲೈನಲ್ಲಿ ಮೊದಲ ವರ್ಷದ ಎಂ.ಎಸ್ಸಿ.ಗೆ ಹೇಳಿಕೊಡುತ್ತೇನೆ. ಕಳೆಯಬೇಕಾದ್ದನ್ನು ಕಂಪ್ಯೂಟರ್ ಪ್ರೋಗ್ರಾಂ ಕಳೆಯುತ್ತದೆ ಅಂತ ನಾನು ನಂಬಿದ್ದೆ. ನಾನೇ ಕಳೆದಿರುತ್ತೇನೆ ಅಂತ ಪ್ರೋಗ್ರಾಂ ನಂಬಿತ್ತು. ದಾಂಪತ್ಯದಲ್ಲಿ ಮಾತ್ರ ಹೀಗಾಗುತ್ತದೆ ಅಂದುಕೊಂಡಿದ್ದೆ.

ನಿರ್ಮಲಳಿಗೆ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿದಳು.

"ಅಂದ್ರೆ, ಕೂತಿರೋದು ಏನೂ ಖರ್ಚು ಮಾಡಲ್ಲ?"

"ಏನೂ ಇಲ್ಲ."

"ಓಡಿ ಬರೋದರದ್ದು ಅರ್ಧ ದಂಡ?"

"ಅರ್ಧಕ್ಕರ್ಧ."

"ಇದನ್ನ ಕಂಡುಹಿಡಿಯಕ್ಕೆ ಎಂಟು ವರ್ಷ ಬೇಕಾಯ್ತಾ ನಿಮಗೆ?" ಅಂದಳು.

ಭೌತಶಾಸ್ತ್ರ ಓದದವರಿಗೆ ಇದರ ಕಷ್ಟ ತಿಳಿಯುವುದಿಲ್ಲ.

೨೮ ಫೆಬ್ರವರಿ, ಬುಧವಾರ. ಎಡಪ್ಪಳ್ಳಿ.

ಈಪ್ಪನ್ ಸಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಳ್ಳೆಯ ಇಂಗ್ಲಿಷಿಗೆ ಬಂದರು. ಒಂದು ಸಾಲು ಸೇರಿಸಿದರೆ ಲೆಕ್ಕವೆಲ್ಲ ಸರಿ. ಥೀಸಿಸ್ಸಿನಲ್ಲಿ ಹೊಸದೇನೂ ಉಳಿಯುವುದಿಲ್ಲ, ಆದರೆ ತಪ್ಪೂ ಉಳಿಯುವುದಿಲ್ಲ. ಡಿಗ್ರಿ ಸಿಗಲು ಅಷ್ಟು ಸಾಕು ಅಂದರು. ಕೋಷ್ಟಕಗಳನ್ನು ಮತ್ತೆ ಮಾಡಬೇಕು.

"ಹಾಗಾದ್ರೆ ದಿನಾ ಬರ್ತೀನಿ ಸಾರ್."

"ಯಾಕೆ? ತಿಂಗಳಿಗೆ ಒಂದು ಸಲ ಬಾ. ಈಗ ದಿನಾ ಬಂದು ಏನು ಮಾಡ್ತಾ ಇದ್ದೀಯ, ನನ್ನ ಚಹಾ ಕುಡಿಯೋದು ಬಿಟ್ಟು?"

ಕೊಚ್ಚಿಯಲ್ಲಿ ನಾನು ಇರಲೇಬೇಕಾದ ಕಾರಣವನ್ನು ಸಾರ್ ಹೀಗೆ ಒಂದು ವಾಕ್ಯದಲ್ಲಿ ಕಿತ್ತುಹಾಕಿದರು. ಬೇಜಾರಾಯಿತು.

ಕೊಡೆ ತಿರುವನಂತಪುರದಲ್ಲೇ ಮರೆತಿದ್ದೇನೆ.

೩ ಮಾರ್ಚ್, ಭಾನುವಾರ. ತಿರುವನಂತಪುರ.

ಕೊಡೆಗಾಗಿ ಬಂದೆ. ಹೊರಗೆ ಉರಿಬಿಸಿಲು, ಕೊಡೆ ಇಲ್ಲದೆ ಓಡಾಡುವುದು ಹೇಗೆ? ಪೇರಳೆ ಹಣ್ಣು ತಿಂದೆ. ಮೇಧಾ ಭಿನ್ನರಾಶಿ ಲೆಕ್ಕ ಹೇಳಿಸಿಕೊಂಡಳು. ನಿರ್ಮಲ ಅರ್ಜಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. 'ನಿನ್ನಿಷ್ಟ' ಎಂಬ ಮಾತು ಗಂಟಲವರೆಗೆ ಬಂದು, ಯಾಕೋ, ಅಲ್ಲೇ ಕೂತಿತು.

ವಾಪಸ್ ಗಾಡಿ ಹತ್ತಿದ ಮೇಲೆ ನೆನಪಾಯಿತು: ಕೊಡೆ.

೭ ಮಾರ್ಚ್, ಗುರುವಾರ. ಎಡಪ್ಪಳ್ಳಿ.

ನಮ್ಮ ಕಾಲೇಜಿನ ಮ್ಯಾನೇಜ್‌ಮೆಂಟಿಗೆ ತಿರುವನಂತಪುರದಲ್ಲೂ ಒಂದು ಕಾಲೇಜಿದೆ. ಅಲ್ಲಿ ಎಂ.ಎಸ್ಸಿ. ಇಲ್ಲ, ಪರಮಾಣು ಇಲ್ಲ. ಪ್ರೀ-ಡಿಗ್ರಿ ಮಕ್ಕಳಿಗೆ, ಅಂದರೆ ನಮ್ಮ ಪಿಯುಸಿಯವರಿಗೆ, ಸ್ಕ್ರೂಗೇಜಿನಿಂದ ತಂತಿಯ ದಪ್ಪ ಅಳೆಯಲು ಕಲಿಸಬೇಕು. ಇಲ್ಲಿ ಮುಂದಿನ ವರ್ಷ ವಿಭಾಗದ ಮುಖ್ಯಸ್ಥನ ಕುರ್ಚಿ ನನ್ನದು. ಅಲ್ಲಿಗೆ ಹೋದರೆ ಅದಿಲ್ಲ.

ಸುಮ್ಮನೆ ವಿಚಾರಿಸಿದೆ, ಅಷ್ಟೆ. ಪ್ರಿನ್ಸಿಪಾಲರು, "ನಿಮಗೆ ಹುಷಾರಿಲ್ಲವೇ?" ಅಂದರು.

ನಿರ್ಮಲಳಿಗೆ ಹೇಳದೆ ಶನಿವಾರ ಹೋಗಿ, ಎದುರಿಗೆ ಕೂತು ಹೇಳಬೇಕು. ಫೋನಿನಲ್ಲಿ ಹೇಳುವ ಮಾತಲ್ಲ. ಅದೂ ಅಲ್ಲದೆ, ಕೊಡೆ.

೧೦ ಮಾರ್ಚ್, ಭಾನುವಾರ. ಮನೆ.

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ಇಲ್ಲವಾದರೆ ಮುಂದೆ ನನಗೇ ನಂಬಿಕೆ ಬರುವುದಿಲ್ಲ.

ಶನಿವಾರ ಕ್ಲಾಸು ಮುಗಿಸಿ ಗಾಡಿ ಹಿಡಿದೆ. ಈ ದಾರಿಯಲ್ಲಿ ಒಂದೇ ಜೊತೆ ಕಂಬಿ. ಎದುರಿನಿಂದ ಗಾಡಿ ಬರುವುದಿದ್ದರೆ ಯಾವುದಾದರೂ ಸ್ಟೇಷನ್ನಿನಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ನಮ್ಮ ಗಾಡಿ ಮಾವೇಲಿಕ್ಕರದಲ್ಲಿ ನಿಂತಿತು. ಎದುರಿನ ಗಾಡಿ ಬಂದು ಪಕ್ಕದಲ್ಲಿ ನಿಂತಿತು. ಕಿಟಕಿಗೆ ಕಿಟಕಿ.

"ಅಮ್ಮಾ! ಅಪ್ಪ ಅಲ್ಲಿದ್ದಾರೆ! ಆ ರೈಲಲ್ಲಿ!"

ನೋಡಿದರೆ ಮೇಧಾ. ಅವಳ ಹಿಂದೆ ನಿಂತ ನಿರ್ಮಲಳಿಗೆ ಕೂರಲು ಜಾಗ ಸಿಕ್ಕಿರಲಿಲ್ಲ.

"ಎಲ್ಲಿಗೆ?" ಅಂತ ಕೂಗಿದೆ.

"ನಿಮ್ಮ ಹತ್ರಕ್ಕೇ ರೀ! ನೀವೆಲ್ಲಿಗೆ?"

"ನಿನ್ನ ಹತ್ರಕ್ಕೆ!"

ಎರಡು ಬೋಗಿಯ ಜನ ನಗಲು ಶುರುಮಾಡಿದರು. ನಾನು ಇಳಿದೆ. ಅವರೂ ಇಳಿದರು. ಮೊದಲು ಅವರ ಗಾಡಿ ಹೊರಟಿತು. ಆಮೇಲೆ ನನ್ನದು, ನನ್ನ ಚೀಲದ ಸಮೇತ. ಪ್ಲಾಟ್‌ಫಾರಂ ಖಾಲಿ. ಒಂದು ಸಿಮೆಂಟ್ ಬೆಂಚು, ಒಂದು ಬಾದಾಮಿ ಮರ, ನಾವು ಮೂವರು.

"ನಾನು ಒಂದು ವಿಷಯ..." ಅಂದೆ.

"ಸುಮ್ನಿರಿ. ಕೊಲ್ಲಂನಿಂದ ಬಾಯಿಪಾಠ ಮಾಡ್ಕೊಂಡು ಬಂದಿದ್ದೀನಿ, ಮರೆತುಹೋಗತ್ತೆ," ಅಂದಳು ನಿರ್ಮಲ. "ನಾನು ಅರ್ಜಿ ಕೊಡಲ್ಲ. ಈ ಕೆಲಸ ನನಗೆ ಬರತ್ತೆ, ನನಗೆ ಬೇಕು. ನೀವು 'ನಿನ್ನಿಷ್ಟ' ಅಂದಾಗೆಲ್ಲ ನನಗೆ ಹೆಂಗಾಗ್ತಿತ್ತು ಗೊತ್ತಾ? ಬರೋದೂ ನಾನೇ, ಬಿಡೋದೂ ನಾನೇ, ಯೋಚ್ನೆ ಮಾಡೋದೂ ನಾನೇ. ನೀವು ಮಾತ್ರ ಒಳ್ಳೆಯೋರಾಗಿ ಕೂತಿರೋದು. ಒಂದು ಸಲ 'ಬೇಡ' ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ."

ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟೆ.

"ಮುಗೀತಾ?" ಅಂದೆ.

"ಇನ್ನೂ ಇತ್ತು. ಮರೆತುಹೋಯ್ತು." ಕಣ್ಣೊರೆಸಿಕೊಂಡಳು. "ನಿಮ್ಮದೇನು?"

"ಅರ್ಜಿ ಕೊಡಬೇಡ ಅಂತ ಹೇಳಕ್ಕೆ ಬರ್ತಿದ್ದೆ. ನಾನು ಕೊಡ್ತೀನಿ. ಅಲ್ಲಿ ಪ್ರೀ-ಡಿಗ್ರಿ ಕಾಲೇಜಿದೆ. ಸ್ಕ್ರೂಗೇಜು."

ನಿರ್ಮಲ ನನ್ನ ಮುಖವನ್ನೇ ನೋಡಿದಳು. "ನನ್ನ ಒಂದು ಮಾತು ಕೇಳದೇನೇ ತೀರ್ಮಾನ ಮಾಡಿಬಿಟ್ರಾ?"

"ಕೇಳಕ್ಕೇ ಬರ್ತಿದ್ದೆ. ನೀನೇನಂತೀ?"

ಅವಳು ಬಾಯಿ ತೆರೆದಳು. 'ನಿನ್ನಿಷ್ಟ' ಎಂಬುದಕ್ಕೆ ಬಹುವಚನ ಹಚ್ಚಿ ನನ್ನ ಮೇಲೇ ತಿರುಗಿಸುತ್ತಾಳೆ ಅಂತ ಕಾದೆ. ನ್ಯಾಯವಾಗಿ ತಿರುಗಿಸಬಹುದಿತ್ತು.

"ಬನ್ನಿ," ಅಂದಳು.

ಸಾಯಂಕಾಲದ ಗಾಡಿಗೆ ಟಿಕೆಟ್ ತೆಗೆಯಲು ಕಿಂಡಿಯ ಮುಂದೆ ನಿಂತೆ. ಒಳಗಿನವನು "ಎವಿಡೇಕ್ಕಾ?" ಅಂದ. ಎಲ್ಲಿಗೆ ಅಂತ.

"ವೀಟ್ಟಿಲೇಕ್ಕ್," ಅಂದೆ. ಮನೆಗೆ.

ಅಂಥ ಸ್ಟೇಷನ್ ಯಾವುದೂ ಇಲ್ಲ ಸಾರೇ, ಅಂದ ಅವನು, ಬಹಳ ಗಂಭೀರವಾಗಿ.

"ತಿರುವನಂತಪುರ ಹೇಳಿ ಅಪ್ಪಾ!" ಅಂತ ಹಿಂದಿನಿಂದ ಮೇಧಾ ಅಂಗಿ ಎಳೆದಳು. "ಎಂತ ಮಾರಾಯ್ರೆ ನೀವು!"

೧೫ ಮಾರ್ಚ್, ಶುಕ್ರವಾರ. ಎಡಪ್ಪಳ್ಳಿ, ಬಿಡಾರ.

ಕೊನೆಯ ದಿನ. ಬೂತಿನಿಂದ ಫೋನ್ ಮಾಡಿದೆ.

"ಕೊಡಲಿಲ್ಲ ತಾನೆ?"

"ಕೊಡಲಿಲ್ಲ. ನೀವು?"

"ಕೊಟ್ಟೆ. ಜೂನಿನಿಂದ ಅಂತೆ. ಪ್ರಿನ್ಸಿಪಾಲರು ಇನ್ನೊಂದು ಸಲ ಆರೋಗ್ಯ ವಿಚಾರಿಸಿದರು."

ಆ ಕಡೆ ನಗು. ಬ್ಯಾಂಕಿನ ಬೆಂಚಿನ ಮೇಲೆ ಕೇಳಿದ್ದೆನಲ್ಲ, ಅದೇ. ತಂತಿಯಲ್ಲಿ ಬರುವಾಗ ಅದಕ್ಕೆ ಜಾಗ ಸಾಕಾಗುತ್ತದೆ ಅಂತ ಕಾಣುತ್ತದೆ.

ನಾಳೆ ಮಧ್ಯಾಹ್ನದ ಗಾಡಿ. ಕೊಡೆಯನ್ನು ಹೋದ ವಾರ ನೆನಪಿಟ್ಟು ತಂದಿದ್ದೆ. ನಾಳೆ ಅಲ್ಲೇ ಬಿಟ್ಟು ಬರಲು ತೆಗೆದುಕೊಂಡು ಹೋಗುತ್ತೇನೆ.